ಮೂರನೇ ಭಾಗದ ಕೈ ಬೇರೆ

ಸುರತ್ಕಲ್
12 ಸೆಪ್ಟೆಂಬರ್ 2024

ಮಾನ್ಯ ಉಷಾಲತಾ ಅವರಿಗೆ,

ನಮಸ್ಕಾರ. ನನ್ನ ಹೆಸರು ದೀಕ್ಷಿತ್. ‘ಕಡವು’ ಎಂಬ ಕಂಪ್ಯೂಟರ್ ಗೇಮ್ ಮಾಡಿದವನು. ನೀವು ಅಂಕಣ ಬರೆಯುವ ಜಾಲಪತ್ರಿಕೆಯ ಸಂಪಾದಕರಲ್ಲಿ ನಿಮ್ಮ ಫೋನ್ ನಂಬರ್ ಕೇಳಿದೆ. ಕೊಡಲಿಲ್ಲ, ಈ ಇಮೇಲ್ ವಿಳಾಸ ಕೊಟ್ಟರು. ಹಾಗಾಗಿ ಪತ್ರ.

ಕಳೆದ ವಾರ ನೀವು ‘ಕಡವು’ಗೆ ಹತ್ತರಲ್ಲಿ ನಾಲ್ಕು ಅಂಕ ಕೊಟ್ಟಿದ್ದೀರಿ. ಅಂಕ ಕಡಿಮೆಯಾಯಿತೆಂದು ಜಗಳಕ್ಕೆ ಬಂದವನಲ್ಲ. ಬೆಂಗಳೂರಿನ ವಿಮರ್ಶಕರೊಬ್ಬರು ತಮ್ಮ ವಿಡಿಯೋದಲ್ಲಿ ಅದಕ್ಕೆ ಒಂಬತ್ತು ಕೊಟ್ಟಿದ್ದಾರೆ. ಲಕ್ಷಾಂತರ ಜನ ನೋಡುವ ಚಾನೆಲ್ ಅದು. ಮೂರನೇ ಭಾಗಕ್ಕೆ ಬಂದಾಗ ಆಟಕ್ಕೆ ಜೀವ ಬರುತ್ತದೆ ಎಂದು ಅವರು ಹೇಳಿದರೆ, ನೀವು ಅದೇ ಮೂರನೇ ಭಾಗದ ಬಗ್ಗೆ “ಬೇರೆ ಯಾರೋ ಬಂದು ಕೂತ ಹಾಗಿದೆ” ಎಂದು ಬರೆದಿದ್ದೀರಿ.

ನನಗೆ ಬೇಕಾದದ್ದು ಆ ಒಂದು ವಾಕ್ಯದ ವಿವರ. ಹಾಗೆ ಬರೆಯಲು ಕಾರಣವೇನು? ಯಾರಾದರೂ ನಿಮಗೆ ಏನಾದರೂ ಹೇಳಿದ್ದಾರೆಯೇ?

ಇನ್ನೊಂದು ಮಾತು. ಬಹ್ರೇನಿನಲ್ಲಿ ಕೂತು ಕನ್ನಡದಲ್ಲಿ ಗೇಮ್ ವಿಮರ್ಶೆ ಬರೆಯುವ ಉಷಾಲತಾ ಎಂಬವರು ನಿಜವಾಗಿ ಇದ್ದಾರೆಯೇ ಎಂದು ನನ್ನ ಗೆಳೆಯರು ಕೇಳುತ್ತಿದ್ದಾರೆ. ತಪ್ಪು ತಿಳಿಯಬೇಡಿ.

ಇತಿ,
ದೀಕ್ಷಿತ್


ಮಾಹೂಝ್, ಬಹ್ರೇನ್
14 ಸೆಪ್ಟೆಂಬರ್ 2024

ಶ್ರೀ ದೀಕ್ಷಿತ್ ಅವರಿಗೆ,

ಇದ್ದೇನೆ. ವಯಸ್ಸು ಐವತ್ತು ದಾಟಿದೆ. ಊರು ಮೂಲ್ಕಿ. ಬೆಳಗ್ಗೆ ಮನಾಮಾದ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ರಿಸೆಪ್ಶನ್ ಕೆಲಸ. ಗಂಡ ವಸಂತಕುಮಾರ ಏಸಿ ಬಿಡಿಭಾಗಗಳ ಕಂಪನಿಯಲ್ಲಿ ಮ್ಯಾನೇಜರ್. ಮಗಳು ಅಶ್ಮಿತಾ ಓದಲು ಮಣಿಪಾಲಕ್ಕೆ ಹೋದಾಗ ಅವಳ ಗೇಮ್ ಪೆಟ್ಟಿಗೆ ಇಲ್ಲೇ ಉಳಿಯಿತು. ಧೂಳು ಒರೆಸಲು ಹೋದವಳು ಆಡಲು ಕೂತೆ. ಮುಂದೆ ಬರೆಯಲೂ ಶುರು ಮಾಡಿದೆ. ನಿಮ್ಮ ಗೆಳೆಯರಿಗೆ ಇಷ್ಟು ಸಾಕೆಂದು ಭಾವಿಸುತ್ತೇನೆ.

ಫೋನ್ ನಂಬರ್ ಕೊಡುವುದಿಲ್ಲ. ಒಂದು ಕಾರ್ ರೇಸಿನ ಆಟ ಚೆನ್ನಾಗಿಲ್ಲ ಎಂದು ಬರೆದದ್ದಕ್ಕೆ ಯಾರ್ಯಾರೋ ಫೋನ್ ಮಾಡಿ ಬೈದದ್ದು ಇನ್ನೂ ಮರೆತಿಲ್ಲ.

ಇನ್ನು ನಿಮ್ಮ ಪ್ರಶ್ನೆ. ‘ಕಡವು’ ಆಟದಲ್ಲಿ ಹುಡುಗಿಯೊಬ್ಬಳು ಅಳಿವೆಯಲ್ಲಿ ದೋಣಿ ದಾಟಿಸುತ್ತಾಳೆ. ಆಡುವವರು ಹುಟ್ಟು ಹಾಕಬೇಕು, ಹತ್ತಿದವರ ಮಾತು ಕೇಳಬೇಕು, ಅಷ್ಟೇ. ಮೊದಲ ಎರಡು ಭಾಗಗಳಲ್ಲಿ ಯಾರೂ ನನಗೆ ಏನನ್ನೂ ಹೇಳಿಕೊಡಲಿಲ್ಲ. ಇಳಿತದ ಹೊತ್ತಿಗೆ ದೋಣಿ ಭಾರವಾಗುತ್ತದೆ, ಅದನ್ನು ಕೈಯೇ ಕಲಿಯಿತು. ಸುಳ್ಳು ಹೇಳುವ ಪ್ರಯಾಣಿಕರು ನೀರು ನೋಡುತ್ತಾ ಮಾತನಾಡುತ್ತಾರೆ, ಅದನ್ನು ನಾನೇ ಕಂಡುಕೊಂಡೆ. ಇಷ್ಟು ಒಳ್ಳೆಯ ಆಟ ಆಡಿ ವರ್ಷಗಳಾಗಿದ್ದವು. ಇದನ್ನೂ ನಾನು ಬರೆದಿದ್ದೇನೆ. ನೀವು ಅಂಕ ಮಾತ್ರ ನೋಡಿದಿರೋ ಏನೋ.

ಮೂರನೇ ಭಾಗ ಶುರುವಾದದ್ದೇ ತಡ, ನೀರಿನ ಮೇಲೆ ಹೊಳೆಯುವ ಬಾಣಗಳು. “ಇಲ್ಲಿ ಒತ್ತಿ.” “ಬೇಗ ದಾಟಿಸಿ.” “ಶಾಭಾಸ್!” ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬರುವ ಮೊದಲೇ ಮೈಕಿನಲ್ಲಿ ಪಾತ್ರದ ಹೆಸರು, ಅದು ಮಾಡಲಿರುವ ಮೋಸ, ಎಲ್ಲ ಕೂಗಿ ಹೇಳಿದ ಹಾಗೆ. ಮೊದಲಿನವನಿಗೆ ನನ್ನ ಮೇಲೆ ನಂಬಿಕೆ ಇತ್ತು. ಮೂರನೇ ಭಾಗ ಮಾಡಿದವನಿಗೆ ನಾನು ಎದ್ದು ಹೋಗಿಬಿಡುತ್ತೇನೆಂಬ ಹೆದರಿಕೆ. ಎರಡೂ ಒಂದೇ ಕೈಯ ಕೆಲಸವಲ್ಲ.

ನನಗೆ ಯಾರೂ ಏನೂ ಹೇಳಿಲ್ಲ. ಈಗ ನನ್ನ ಪ್ರಶ್ನೆ: ಮೊದಲ ಎರಡು ಭಾಗ ಮಾಡಿದ್ದು ಯಾರು?

ಉಷಾಲತಾ


ಸುರತ್ಕಲ್
15 ಸೆಪ್ಟೆಂಬರ್ 2024

ಮಾನ್ಯರೇ,

ಮೂರೂ ಭಾಗ ನಾನೇ ಮಾಡಿದ್ದು. ಕೊನೆಗೆ ನನ್ನ ಹೆಸರು ಬರುವುದನ್ನು ನೀವು ನೋಡಿರಬಹುದು. ಮೂರನೆಯದರ ಹೊತ್ತಿಗೆ ಮೈಯಲ್ಲಿ ಹುಷಾರಿರಲಿಲ್ಲ. ನಿಮಗೆ ಕಂಡ ವ್ಯತ್ಯಾಸಕ್ಕೆ ಅದೇ ಕಾರಣವಿರಬೇಕು.

ಉತ್ತರಕ್ಕೆ ಧನ್ಯವಾದ. ಇದನ್ನು ಇಲ್ಲಿಗೇ ಬಿಡೋಣ.

ದೀಕ್ಷಿತ್


ಮಾಹೂಝ್
20 ಸೆಪ್ಟೆಂಬರ್ 2024

ಶ್ರೀ ದೀಕ್ಷಿತ್,

ಬಿಡಬೇಕೆಂದೇ ಇದ್ದೆ. ಆದರೆ ನಿನ್ನೆ ಎರಡನೇ ಭಾಗವನ್ನು ಮತ್ತೊಮ್ಮೆ ಆಡಿದೆ, ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಮೀನಿನ ಬುಟ್ಟಿಯ ಹೆಂಗಸು ದೋಣಿ ಹತ್ತಿ, ತನ್ನ ಮಗ ಮುಂಬೈಯಿಂದ ವಾರ ವಾರ ಫೋನ್ ಮಾಡುತ್ತಾನೆ ಎನ್ನುತ್ತಾಳೆ. ಅಷ್ಟರಲ್ಲಿ ಹುಟ್ಟಿನ ಸದ್ದು ನಿಂತುಹೋಗುತ್ತದೆ. ನಾನು ಗುಂಡಿ ಒತ್ತುತ್ತಲೇ ಇದ್ದೇನೆ, ದೋಣಿ ಮಾತ್ರ ಚಲಿಸುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಹೊರಡುತ್ತದೆ. ಎಷ್ಟು ಸಲ ಆಡಿದರೂ ಹಾಗೆಯೇ.

ಅದು ಏಕೆ ಹಾಗೆ? ಮಾಡಿದವರು ನೀವು, ನಿಮಗೆ ಗೊತ್ತಿರಲೇಬೇಕು.

ಉಷಾಲತಾ


ಸುರತ್ಕಲ್
21 ಸೆಪ್ಟೆಂಬರ್ 2024

ಅದು ಪ್ರೋಗ್ರಾಮಿನ ದೋಷ. ಮುಂದಿನ ಅಪ್‌ಡೇಟ್‌ನಲ್ಲಿ ಸರಿಮಾಡುತ್ತೇನೆ. ತಿಳಿಸಿದ್ದಕ್ಕೆ ಧನ್ಯವಾದ.

ದೀಕ್ಷಿತ್


ಮಾಹೂಝ್
5 ಅಕ್ಟೋಬರ್ 2024

ಶ್ರೀ ದೀಕ್ಷಿತ್,

ಎರಡು ವಾರ ಸುಮ್ಮನಿದ್ದೆ. ನೀವೇ ಇನ್ನೊಂದು ಉತ್ತರ ಬರೆಯಬಹುದೆಂದು ಕಾದೆ.

ಅದು ದೋಷವಲ್ಲ. ದೋಷವಾದರೆ ಒಮ್ಮೆ ಇದ್ದು ಇನ್ನೊಮ್ಮೆ ಇಲ್ಲದಿರಬೇಕಿತ್ತು. ಆ ಹೆಂಗಸಿನ ಆ ಒಂದು ಮಾತಿಗೇ, ಪ್ರತಿ ಸಲವೂ, ಅಷ್ಟೇ ಹೊತ್ತು ದೋಣಿ ನಿಲ್ಲುತ್ತದೆ. ಯಾರೋ ಬಹಳ ಯೋಚಿಸಿ ಇಟ್ಟದ್ದು. ಇಟ್ಟವರು ನೀವಾಗಿದ್ದರೆ ಅದನ್ನು ದೋಷ ಎಂದು ಕರೆಯಲು ನಿಮಗೆ ಬಾಯಿ ಬರುತ್ತಿರಲಿಲ್ಲ.

‘ಕಡವು’ ಬಗ್ಗೆ ಇನ್ನೊಂದು ಅಂಕಣ ಬರೆಯಬೇಕೆಂದಿದ್ದೇನೆ. ಇಷ್ಟು ಒಳ್ಳೆಯ ಕೆಲಸ ಮಾಡಿದವರ ಹೆಸರು ಆಟದಲ್ಲಿ ಎಲ್ಲೂ ಇಲ್ಲವೇಕೆ ಎಂದು.

ಉಷಾಲತಾ


ಸುರತ್ಕಲ್
9 ಅಕ್ಟೋಬರ್ 2024

ನಾಟಕ ಸಾಕು ಮೇಡಂ.

ನೀವು ಯಾರ ಪರವಾಗಿ ಬರೆಯುತ್ತಿದ್ದೀರಿ ಎಂದು ಈಗ ತಿಳಿಯಿತು. ನೀವು ಮಾಹೂಝ್‌ನಲ್ಲಿ, ಅವನು ಅರಾದ್‌ನಲ್ಲಿ. ನಡುವೆ ಒಂದು ಸೇತುವೆ, ಅಷ್ಟೇ. ಇದು ಮೊದಲ ದಿನವೇ ಹೊಳೆಯಬೇಕಿತ್ತು ನನಗೆ.

ಕ್ಲೈವ್‌ಗೆ ಒಂದು ಮಾತು ಹೇಳಿ. ಹೇಳುವುದಿದ್ದರೆ ನನಗೇ ನೇರವಾಗಿ ಹೇಳಲಿ. ವಿಮಾನ ನಿಲ್ದಾಣದ ಕಾರ್ಗೋ ಆಫೀಸಿನಲ್ಲಿ ಅಡಗಿ ಕೂತು, ಯಾರದೋ ಅಂಕಣದಲ್ಲಿ ನನಗೆ ನಾಲ್ಕು ಅಂಕ ಕೊಡಿಸಿ, ಮೀನಿನ ಬುಟ್ಟಿಯ ಬಗ್ಗೆ ಪ್ರಶ್ನೆ ಕೇಳಿಸಿ ನನ್ನನ್ನು ಪರೀಕ್ಷೆ ಮಾಡುವುದು ಬೇಡ. ಬಿಟ್ಟು ಹೋದವನು ಅವನು. ನಾನಲ್ಲ.

ದೀಕ್ಷಿತ್


ಮಾಹೂಝ್
10 ಅಕ್ಟೋಬರ್ 2024

ಶ್ರೀ ದೀಕ್ಷಿತ್,

ಕ್ಲೈವ್ ಎಂದರೆ ಯಾರು?

ಈ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ನಿಮ್ಮ ನಿನ್ನೆಯ ಪತ್ರದಲ್ಲಿ. ನೀವು ನಂಬುವುದಿಲ್ಲ, ಗೊತ್ತು. ಆದರೆ ಅವರು ಇರುವ ಜಾಗ, ಮಾಡುವ ಕೆಲಸ, ಎಲ್ಲವನ್ನೂ ನೀವೇ ಬರೆದು ತಿಳಿಸಿದ್ದೀರಿ. ಇನ್ನು ಸುಮ್ಮನೆ ಕೂರುವುದು ನನ್ನಿಂದಾಗದು.

ಉಷಾಲತಾ


ಮಾಹೂಝ್
27 ಅಕ್ಟೋಬರ್ 2024

ಶ್ರೀ ದೀಕ್ಷಿತ್,

ನಿಮ್ಮಿಂದ ಉತ್ತರ ಬರಲಿಲ್ಲ. ನಾನು ಕ್ಲೈವ್ ಅವರನ್ನು ಭೇಟಿಯಾದೆ.

ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಗಂಡನ ಆಫೀಸಿನ ಯುಸ್ಟೇಸ್ ಇಲ್ಲಿನ ಮಂಗಳೂರು ಕ್ರಿಶ್ಚಿಯನ್ನರಲ್ಲಿ ಎಲ್ಲರನ್ನೂ ಬಲ್ಲವರು. ಅವರೇ ನಂಬರ್ ಕೊಟ್ಟರು. ಮೊನ್ನೆ ಶುಕ್ರವಾರ ಅರಾದ್ ಕೋಟೆಯ ಹತ್ತಿರದ ಚಹಾ ಅಂಗಡಿಗೆ ಬರಲು ಹೇಳಿದೆ. ಬಂದರು. ಬಂದವರೇ ಕುಳಿತುಕೊಳ್ಳುವ ಮೊದಲು ಕೇಳಿದರು:

“ನೀವು ಯಾರು ಆಂಟಿ? ಯುಸ್ಟೇಸ್ ಅಂಕಲ್ ಬರೀ ‘ಮಾತಾಡ್ಲಿಕ್ಕೆ ಉಂಟಂತೆ’ ಅಂತ ಹೇಳಿದ್ರು. ಎಂತ ಮಾತಾಡ್ಲಿಕ್ಕೆ?”

“‘ಕಡವು’ ಬಗ್ಗೆ,” ಎಂದೆ.

ಮೇಲಿಂದ ವಿಮಾನ ಹೋಯಿತು. ಅಲ್ಲಿ ವಿಮಾನ ಹೋಗುವಾಗ ಯಾರೂ ಮಾತನಾಡುವುದಿಲ್ಲ, ಕೇಳಿಸುವುದಿಲ್ಲ. ಸದ್ದು ನಿಂತ ಮೇಲೆ ಅವರು ಹೇಳಿದರು, “ಅದು ಈಗ ಇಲ್ಲವಲ್ಲ. ಅಳಿಸಿ ಆಗಿದೆ.”

“ಇದೆ. ನಾನು ಆಡಿದೆ.”

ನಗಲು ಹೋದರು, ಆಗಲಿಲ್ಲ. ಫೋನಿನಲ್ಲಿ ಆನ್‌ಲೈನ್ ಅಂಗಡಿಯ ಪುಟ ತೆಗೆದು ತೋರಿಸಿದೆ, ನೀವೂ ನಾನೂ ಪತ್ರ ಬರೆದುಕೊಂಡದ್ದನ್ನೂ ಹೇಳಿದೆ. ದೋಣಿಯ ಚಿತ್ರವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತಲೇ ಇದ್ದರು. ಕರಕ್ ಚಹಾ ಆರಿತು.

“ನನ್ನ ಎದುರು ಹೇಳಿದ್ದಾನೆ, ಅಳಿಸ್ತೇನೆ ಅಂತ. ದೇವರ ಮೇಲೆ ಆಣೆ ಹಾಕಿ ಹೇಳಿದ್ದಾನೆ.” ಅವರ ದನಿ ಏರಿತು, ಪಕ್ಕದ ಮೇಜಿನವರು ತಿರುಗಿ ನೋಡಿದರು. “ಮತ್ತೆ ಎಂತ ಹೇಳಿದ ನಿಮ್ಮತ್ರ?”

ಮೀನಿನ ಬುಟ್ಟಿಯ ವಿಷಯ, ದೋಷ ಎಂಬ ನಿಮ್ಮ ಉತ್ತರ, ಎರಡನ್ನೂ ಹೇಳಿದೆ.

“ದೋಷವಾ?” ಎಂದರು. “ಮಗ ಫೋನ್ ಮಾಡ್ತಾನೆ ಅಂತ ಅವಳು ಹೇಳುದು ಸುಳ್ಳು ಆಂಟಿ. ಹುಡುಗಿಗೆ ಅದು ಗೊತ್ತುಂಟು. ಎಂತ ಹೇಳುದು ಅಂತ ತಿಳಿಯದೆ ಕೈ ನಿಲ್ಲಿಸ್ತಾಳೆ. ಅಷ್ಟು ಅವನಿಗೆ ಗೊತ್ತಾಗಲಿಲ್ಲವಾ?”

ಆಮೇಲೆ ನನ್ನನ್ನೇ ದಿಟ್ಟಿಸಿದರು. “ಒಂದು ನಿಮಿಷ. ನಿಮ್ಮನ್ನು ಇಲ್ಲಿಗೆ ಕಳಿಸಿದ್ದು ಅವನೇ ಅಲ್ವಾ? ನಾನು ಸುಮ್ಮನೆ ಇರ್ತೇನಾ, ಕೇಸ್ ಹಾಕ್ತೇನಾ, ನೋಡ್ಲಿಕ್ಕೆ.”

ಅಲ್ಲ ಎಂದೆ. ನಂಬಲಿಲ್ಲ. ಎದ್ದು ಹೊರಟೇಹೋದರು.

ದೀಕ್ಷಿತ್, ನೀವು ಮಾಡಿದ್ದಕ್ಕೆ ನನಗೆ ಗೊತ್ತಿರುವ ಹೆಸರು ಕಳ್ಳತನ. ಬರುವ ವಾರದ ಅಂಕಣದಲ್ಲಿ ಹಾಗೆಯೇ ಬರೆಯುತ್ತೇನೆ. ಅದಕ್ಕೆ ಮೊದಲು ಹೇಳುವುದೇನಾದರೂ ಇದ್ದರೆ ಹೇಳಿ.

ಉಷಾಲತಾ


ಸುರತ್ಕಲ್
29 ಅಕ್ಟೋಬರ್ 2024

ಮೇಡಂ,

ನಿಮ್ಮ ಪತ್ರಕ್ಕಿಂತ ಮೊದಲು ಕ್ಲೈವ್‌ನ ಇಮೇಲ್ ಬಂದಿತ್ತು. ಎರಡು ವರ್ಷದ ಮೇಲೆ ಅವನಿಂದ ಬಂದ ಮೊದಲ ಮಾತು: “ನನ್ನದನ್ನು ತೆಗೆ.” ಇಂದು ಬೆಳಗ್ಗೆ ‘ಕಡವು’ ಆಟವನ್ನು ಅಂಗಡಿಯಿಂದ ತೆಗೆದುಬಿಟ್ಟೆ. ಅವನದನ್ನು ತೆಗೆದರೆ ಉಳಿಯುವುದು ಮೂರನೇ ಭಾಗ. ಅದರ ಬೆಲೆ ಎಷ್ಟೆಂದು ನೀವೇ ಬರೆದಿದ್ದೀರಿ.

ಈಗ ಹೇಳಲು ಅಂಜಿಕೆಯಿಲ್ಲ. ನಾವಿಬ್ಬರೂ ಎಂಜಿನಿಯರಿಂಗ್‌ನಲ್ಲಿ ಒಂದೇ ಕ್ಲಾಸು. ಇಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಆಟ ಶುರುಮಾಡಿದೆವು. ಕಥೆ, ನೀರು, ಸದ್ದು ಎಲ್ಲ ಅವನದು. ಪ್ರೋಗ್ರಾಮಿನ ಒಳಗಿನ ಕೆಲಸ ನನ್ನದು. ಎರಡು ಭಾಗ ಮುಗಿದಾಗ ಮಾದರಿಯೊಂದನ್ನು ಬೆಂಗಳೂರಿನ ಆ ವಿಮರ್ಶಕರಿಗೆ ಕಳಿಸಿದೆವು. ಹೌದು, ಈಗ ಒಂಬತ್ತು ಕೊಟ್ಟವರೇ. ಅವರು ಅದನ್ನು ನೇರಪ್ರಸಾರದಲ್ಲಿ ಆಡಿದರು. ಆಡಿದರು ಎನ್ನುವುದಕ್ಕಿಂತ ನಕ್ಕರು ಎನ್ನಬೇಕು. “ಏನ್ ಗುರು ಇದು, ಗೇಮಾ ಬಸ್‌ಸ್ಟಾಪಾ? ಏನ್ ಮಾಡ್ಬೇಕು ಅಂತ ಯಾರಾದ್ರೂ ಹೇಳ್ರಪ್ಪಾ!” ನೋಡುತ್ತಿದ್ದವರೆಲ್ಲ ನಗುವ ಮುಖಗಳನ್ನು ಕಳಿಸಿದರು. ಮೀನಿನ ಬುಟ್ಟಿಯ ಹೆಂಗಸು ಬಂದು ದೋಣಿ ನಿಂತಾಗ ಅವರು ಕುರ್ಚಿಯಿಂದ ಬಿದ್ದವರಂತೆ ನಟಿಸಿದರು. ಕ್ಲೈವ್ ನನ್ನ ಪಕ್ಕದಲ್ಲೇ ಕೂತು ಅದನ್ನೆಲ್ಲ ನೋಡಿದ.

ಅವನು ಕೋಪ ಮಾಡಿಕೊಳ್ಳಲಿಲ್ಲ. “ಅವರು ಹೇಳಿದ್ದು ಸರಿ ಮಾರಾಯ,” ಎಂದ. “ಇದನ್ನು ಯಾರಿಗೂ ತೋರಿಸುದು ಬೇಡ. ಅಳಿಸು.” ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವನನ್ನು ಸಮಾಧಾನ ಮಾಡಲು ಆಣೆ ಹಾಕಿದೆ. ತಿಂಗಳೊಳಗೆ ಬಹ್ರೇನಿನ ವೀಸಾ ಮಾಡಿಸಿಕೊಂಡು ಹೊರಟ. ವಿಮಾನ ಹತ್ತುವ ತನಕ ನನಗೆ ಹೇಳಿರಲಿಲ್ಲ.

ಅಳಿಸಬೇಕೆಂದೇ ತೆರೆದೆ ಮೇಡಂ. ಒಮ್ಮೆ ಕೊನೆಯದಾಗಿ ಆಡಿ ಅಳಿಸೋಣ ಎಂದುಕೊಂಡೆ. ಆಚೆ ದಡ ಮುಟ್ಟಿದ ಮೇಲೆ ಅಳಿಸಲು ಕೈ ಬರಲಿಲ್ಲ.

ಮೂರನೇ ಭಾಗ ನಾನೊಬ್ಬನೇ ಮಾಡಿದೆ. ನೀವು ದೂರಿದ ಒಂದೊಂದು ಬಾಣವೂ ಆ ನಗುವಿಗೆ ಹೆದರಿ ಹಾಕಿದ್ದು. ಮತ್ತೆ ಯಾರೂ ನಗಬಾರದು ಎಂಬುದೊಂದೇ ತಲೆಯಲ್ಲಿತ್ತು. ನಗಲಿಲ್ಲ, ಒಂಬತ್ತು ಕೊಟ್ಟರು. ಕ್ಲೈವ್‌ನ ಹೆಸರು ಹಾಕಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ನನ್ನೊಬ್ಬನ ಹೆಸರು ಹಾಕಿದ್ದಕ್ಕೆ ಬೇರೆ ಕಾರಣವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂಬತ್ತು ಬಂದ ದಿನ ಜನ ಹೊಗಳುವಾಗ ಖುಷಿಯೂ ಆಯಿತು. ಅದನ್ನು ಇಲ್ಲವೆನ್ನಲಾರೆ.

ದೋಣಿ ಏಕೆ ನಿಲ್ಲುತ್ತದೆ ಎಂದು ನನಗೆ ಗೊತ್ತಿಲ್ಲ ಎಂದುಕೊಂಡಿರಾ? ಆ ಹೆಂಗಸಿನ ಮಾತಿಗೆ ದನಿ ಕೊಟ್ಟವರು ನನ್ನ ಅಮ್ಮ. ದೋಷ ಎಂದದ್ದು ನೀವು ಮುಂದೆ ಕೇಳಬಾರದೆಂದು.

ಅಂಕಣ ಬರೆಯುವುದಾದರೆ ಬರೆಯಿರಿ. ಆದರೆ ನೀವು ಅರಾದ್‌ಗೆ ಹೋದದ್ದು ಅವನಿಗೆ ನ್ಯಾಯ ಕೊಡಿಸಲಿಕ್ಕೋ, ನಿಮ್ಮ ಊಹೆ ಸರಿ ಎಂದು ತಿಳಿದುಕೊಳ್ಳಲಿಕ್ಕೋ? ಇದೊಂದಕ್ಕೆ ಸಾಧ್ಯವಾದರೆ ಉತ್ತರ ಬರೆಯಿರಿ.

ದೀಕ್ಷಿತ್


ಮಾಹೂಝ್
17 ನವೆಂಬರ್ 2024

ದೀಕ್ಷಿತ್,

ಅಂಕಣ ಬರೆದಿದ್ದೆ, ಕಳಿಸಲಿಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ಎರಡನೆಯದಕ್ಕೇ ಹೋದದ್ದಿರಬೇಕು. ಚಹಾ ಅಂಗಡಿಯಲ್ಲಿ ಅವರ ಮುಖ ನೋಡುವ ತನಕ ಅವರು ಒಬ್ಬ ಮನುಷ್ಯ ಎಂದು ನಾನು ಯೋಚಿಸಿರಲಿಲ್ಲ.

ಈ ಪತ್ರ ಬರೆಯಲು ಕಾರಣ ಬೇರೆ. ಮೊನ್ನೆ ಶುಕ್ರವಾರ ಮಧ್ಯಾಹ್ನ ಮನೆಯ ಬೆಲ್ ಆಯಿತು. ಬಾಗಿಲಲ್ಲಿ ಕ್ಲೈವ್. ವಿಳಾಸ ಯುಸ್ಟೇಸ್ ಕೊಟ್ಟಿದ್ದರಂತೆ.

“ಆಟ ಅಂಗಡಿಯಲ್ಲಿ ಇಲ್ಲ,” ಎಂದರು, ನಮಸ್ಕಾರ ಕೂಡ ಇಲ್ಲದೆ.

“ನೀವು ಹೇಳಿದ್ದಕ್ಕೇ ತೆಗೆದದ್ದಂತೆ,” ಎಂದೆ.

“ನಿಮ್ಮಲ್ಲಿ ಉಂಟಲ್ಲ?”

ಒಳಗೆ ಕರೆದೆ. ನನ್ನ ಗಂಡ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಕಂಪ್ಯೂಟರ್ ಇರುವ ಕೋಣೆಗೆ ನಾನು ಕ್ಲೈವ್ ಅವರನ್ನು ಕರೆದುಕೊಂಡು ಹೋಗುವುದನ್ನು ಕಂಡು ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದರು, “ಯಾರು ಮಾರಾಯ್ತಿ ಇದು? ನೀನು ಕಡಿಮೆ ಮಾರ್ಕ್ ಕೊಟ್ಟದ್ದಕ್ಕೆ ಜನ ಮನೆಗೇ ಬರ್ಲಿಕ್ಕೆ ಸುರು ಮಾಡಿದ್ರಾ?”

ಕ್ಲೈವ್ ಮೊದಲ ಎರಡು ಭಾಗ ತೆರೆಯಲೇ ಇಲ್ಲ, ನೇರ ಮೂರಕ್ಕೆ ಹೋದರು. ನಾನು ಹಿಂದೆ ಕುರ್ಚಿ ಹಾಕಿ ಕೂತೆ. ನಡುನಡುವೆ ಪರದೆಯ ಚಿತ್ರವನ್ನು ತಮ್ಮ ಫೋನಿನಲ್ಲಿ ತೆಗೆದುಕೊಳ್ಳುತ್ತಿದ್ದರು. ಕೇಸಿಗೆ ಸಾಕ್ಷಿ ಸೇರಿಸುತ್ತಿದ್ದಾರೆಂದು ನನಗೆ ಅನುಮಾನ. ನನ್ನ ಮನೆಯಲ್ಲಿ, ನನ್ನ ಕಂಪ್ಯೂಟರಿನಿಂದ. ಪ್ಲಗ್ ಕಿತ್ತುಬಿಡೋಣವೇ ಎಂದೂ ಒಮ್ಮೆ ಅನ್ನಿಸಿತು.

ನಡುವೆ ತಿರುಗದೆಯೇ ಕೇಳಿದರು, “ಅವನು ನಿಮಗೆ ಎಂತ ಆಗ್ಬೇಕು? ಸಂಬಂಧವಾ?”

“ಮುಖ ಕೂಡ ನೋಡಿಲ್ಲ.”

“ಮತ್ತೆ ಎಂತಕ್ಕೆ ಇಷ್ಟು ಬಿಸಿ ಆಗ್ತೀರಿ ಈ ಆಟಕ್ಕೆ?”

“ಚೆನ್ನಾಗಿದೆ, ಅದಕ್ಕೆ.”

ಅವರ ಕೈ ಕೀಲಿಮಣೆಯ ಮೇಲೆ ನಿಂತಿತು. ಅರ್ಧ ತಿರುಗಿ, ನಾನು ತಮಾಷೆ ಮಾಡುತ್ತಿದ್ದೇನೋ ಎಂದು ನೋಡಿದರು. ತಮಾಷೆಯಲ್ಲ ಎಂದು ಗೊತ್ತಾದಾಗ ಮತ್ತೆ ಪರದೆಗೆ ತಿರುಗಿದರು. ಕಿವಿ ಕೆಂಪಾಗಿತ್ತು. ಆ ಬೆಂಗಳೂರಿನವರ ಬಗ್ಗೆ ನೀವು ಬರೆದದ್ದು ಆಗ ನೆನಪಾಯಿತು. ಈ ಮನುಷ್ಯನಿಗೆ ಎದುರು ಕೂತು “ಚೆನ್ನಾಗಿದೆ” ಎಂದವರು ಯಾರೂ ಇರಲಿಕ್ಕಿಲ್ಲ.

ಮೂರನೇ ಭಾಗದ ಕೊನೆಯಲ್ಲಿ ಪ್ರವಾಹ ಬರುತ್ತದಲ್ಲ, ಅಲ್ಲಿ ಕ್ಲೈವ್ ಆಟ ನಿಲ್ಲಿಸಿ ಮುಖ ಹತ್ತಿರ ಹಿಡಿದು ನೋಡಿದರು. ಆಮೇಲೆ ಜೋರಾಗಿ ನಕ್ಕರು. ಟಿವಿ ಮುಂದೆ ಕೂತಿದ್ದ ನನ್ನ ಗಂಡನೂ ಎದ್ದು ಬಂದು ಇಣುಕಿದರು.

“ನನ್ನ ನೀರನ್ನೇ ಹಾಕಿದ್ದಾನೆ ಆಂಟಿ. ಆದ್ರೆ ತಿರುಗಿಸಿ ಹಾಕಿದ್ದಾನೆ. ನೋಡಿ, ಪ್ರವಾಹ ಸಮುದ್ರದಿಂದ ಘಟ್ಟಕ್ಕೆ ಹತ್ತುತ್ತಾ ಉಂಟು! ಮೊದಲಿಂದಲೂ ಹಾಗೇ ಅವನು. ಮೂರು ವರ್ಷ ಪಕ್ಕದಲ್ಲಿ ಕೂತು ನೀರು ಯಾವ ಕಡೆ ಹೋಗ್ತದೆ ಅಂತ ಕಲೀಲಿಲ್ಲ.”

ನನಗೂ ಅದು ಕಂಡಿರಲಿಲ್ಲ. ಬಾಣಗಳ ಮೇಲಿನ ಕೋಪದಲ್ಲಿ ನೀರು ನೋಡಿರಲಿಲ್ಲ.

ಹೋಗುವಾಗ ಚಪ್ಪಲಿ ಹಾಕುತ್ತಾ ಕೇಳಿದರು, “ಅವನ ಹಳೆ ನಂಬರೇ ಉಂಟಾ ಈಗಲೂ?”

ಗೊತ್ತಿಲ್ಲ, ನಾವು ಪತ್ರ ಮಾತ್ರ ಬರೆಯುವುದು ಎಂದೆ. ಹಾಗೆ ಹೇಳುವಾಗ ನನಗೇ ವಿಚಿತ್ರ ಅನ್ನಿಸಿತು. ಆ ಫೋಟೋಗಳು ವಕೀಲರ ಕೈಗೆ ಹೋಗುತ್ತವೆಯೋ ಇನ್ನೆಲ್ಲಿಗೋ ತಿಳಿಯದು. ನೀವು ಸಿದ್ಧರಾಗಿರುವುದು ಒಳ್ಳೆಯದು.

ಉಷಾಲತಾ


ಸುರತ್ಕಲ್
8 ಡಿಸೆಂಬರ್ 2024

ಉಷಕ್ಕ,

ಹೀಗೆ ಕರೆಯಬಹುದು ತಾನೇ?

ನಿಮ್ಮ ಪತ್ರ ಬಂದ ಮೇಲೆ ನಿಜವಾಗಿಯೂ ಒಬ್ಬ ವಕೀಲರನ್ನು ಕಂಡು ಬಂದೆ. ಅವರು ಕೇಸು ನಿಲ್ಲುವುದೇ ಕಷ್ಟ ಎಂದರು. ಆದರೂ ಮೊಬೈಲ್ ಸದ್ದು ಮಾಡಿದರೆ ಮೊದಲು ನಂಬರ್ ನೋಡುತ್ತಿದ್ದೆ. ಕಳೆದ ಭಾನುವಾರ ಬಹ್ರೇನಿನ ನಂಬರಿನಿಂದ ಕರೆ. ಎತ್ತಲೋ ಬೇಡವೋ ಎಂದು ಕೈಯಲ್ಲೇ ಹಿಡಿದುಕೊಂಡಿದ್ದೆ. ಅಮ್ಮ ಬಂದು “ಎತ್ತು, ಯಾರೋ ಪಾಪ ದೂರದಿಂದ ಮಾಡ್ತಿದ್ದಾರೆ,” ಎಂದರು.

ಕ್ಲೈವ್. ಹಲೋ ಕೂಡ ಅನ್ನಲಿಲ್ಲ. ಬೈಗುಳ. ತುಳುವಿನಲ್ಲಿ ಬೈದ, ಅದು ಸಾಲದಾಗ ಕೊಂಕಣಿಗೆ ಹೋದ. ಆಣೆ ಮುರಿದದ್ದಕ್ಕೆ, ಹೆಸರು ಹಾಕಿಕೊಂಡದ್ದಕ್ಕೆ, ಒಂಬತ್ತು ಅಂಕ ಸಿಕ್ಕಿದಾಗ ನಾಚಿಕೆ ಇಲ್ಲದೆ ಹಂಚಿಕೊಂಡದ್ದಕ್ಕೆ. ಎಲ್ಲಕ್ಕೂ ಹೌದು ಹೌದು ಎಂದೆ. ಪ್ರವಾಹ ಹಿಮ್ಮುಖವಾದದ್ದಕ್ಕೆ ಬೈಯಲು ಶುರುಮಾಡಿದಾಗ ಮಾತ್ರ ಸುಮ್ಮನಿರಲಾಗಲಿಲ್ಲ. “ನೀನು ಬಿಟ್ಟು ಹೋಗುವಾಗ ನೀರಿನ ಬಗ್ಗೆ ಒಂದು ಸಾಲು ಬರೆದಿಟ್ಟಿದ್ದೀಯಾ? ನಾನು ಯಾರನ್ನು ಕೇಳ್ಬೇಕಿತ್ತು?” ಎಂದು ನಾನೂ ಕೂಗಿದೆ. ಫೋನ್ ಇಟ್ಟ ಎಂದುಕೊಂಡೆ. ಆಮೇಲೆ, “ಹೇಳದೆ ಹೋದದ್ದು ನನ್ನ ತಪ್ಪು,” ಎಂದ. ಅದನ್ನು ಕನ್ನಡದಲ್ಲಿ ಹೇಳಿದ, ಯಾರೋ ಪರಿಚಯ ಇಲ್ಲದವರ ಹತ್ತಿರ ಹೇಳುವ ಹಾಗೆ.

ಆ ಫೋಟೋಗಳನ್ನು ನನಗೇ ಕಳಿಸಿದ್ದಾನೆ. ಎಲ್ಲೆಲ್ಲಿ ನೀರು ತಪ್ಪಿದೆ ಎಂದು ಗೆರೆ ಎಳೆದು. ಬಾಣ ಇರುವ ಕಡೆ ಗೆರೆ ಕೂಡ ಎಳೆದಿಲ್ಲ, ಇಡೀ ಚಿತ್ರಕ್ಕೆ ಅಡ್ಡಗೀಟು ಹಾಕಿದ್ದಾನೆ.

ಈಗ ಒಪ್ಪಂದ ಇಷ್ಟು: ಮೂರನೇ ಭಾಗ ಹೊಸದಾಗಿ ಆಗಬೇಕು. ಅವನು ಅಲ್ಲಿಂದಲೇ ಮಾಡುತ್ತಾನೆ, ನಾನು ಇಲ್ಲಿಂದ. ಹೆಸರಿನ ಮಾತು ಎತ್ತಿದರೆ “ಮೊದಲು ಮಾಡುವ, ಆಮೇಲೆ ನೋಡುವ” ಎನ್ನುತ್ತಾನೆ. ಬೆಂಗಳೂರಿನ ಆ ವಿಮರ್ಶಕರಿಗೆ ಕಳಿಸುವುದು ಬೇಡ ಎಂದ. ಅದಕ್ಕೆ ನಾನು ಒಪ್ಪಲಿಲ್ಲ. ಆ ಜಗಳ ಇನ್ನೂ ಮುಗಿದಿಲ್ಲ.

ನಿಮ್ಮಲ್ಲಿ ಎರಡು ವಿಷಯ ಕೇಳಬೇಕು. ಆಟ ಮತ್ತೆ ಬಂದಾಗ ನೀವು ಹೊಸ ವಿಮರ್ಶೆ ಬರೆಯಬೇಕು. ನಾಲ್ಕೇ ಕೊಟ್ಟರೂ ಸರಿ. ಇನ್ನೊಂದು, ಕ್ಲೈವ್‌ಗೆ ತಿಳಿಯುವುದು ಬೇಡ: ಅವನು ನಿಜವಾಗಿ ಕೊನೆಯ ತನಕ ಇರುತ್ತಾನೆಯೇ? ಯಾರಾದರೂ ಮತ್ತೆ ನಕ್ಕರೆ ಮತ್ತೆ ಮಾಯವಾಗುತ್ತಾನೆಯೇ? ನೀವು ಅವನನ್ನು ಹತ್ತಿರದಿಂದ ನೋಡಿದ್ದೀರಿ.

ದೀಕ್ಷಿತ್


ಮಾಹೂಝ್
21 ಡಿಸೆಂಬರ್ 2024

ದೀಕ್ಷಿತ್,

ಉಷಕ್ಕ ಎಂದು ಕರೆಯಬಹುದು. ಕ್ಲೈವ್‌ಗೆ ಮಾತ್ರ ನಾನು ಈಗಲೂ ಆಂಟಿಯೇ. ನಿನ್ನೆ ಶುಕ್ರವಾರ ಮನಾಮಾದ ಹಳೆಯ ಮಾರುಕಟ್ಟೆ ಸೂಕ್‌ನಲ್ಲಿ ಸಿಕ್ಕಿದ್ದರು. ಕ್ರಿಸ್‌ಮಸ್ಸಿಗೆಂದು ದೊಡ್ಡ ಚೀಲ ತುಂಬ ಸಾಮಾನು. ಜನರ ನಡುವೆಯೇ ನಿಲ್ಲಿಸಿ, “ಆಂಟಿ, ನೀವು ಅವನ ಪತ್ರ ಎಲ್ಲ ಓದಿದ್ದೀರಲ್ಲ. ಈ ಸಲ ಆದ್ರೂ ಅವನು ನನಗೆ ಕೊಟ್ಟ ಮಾತು ಉಳಿಸ್ತಾನಾ? ಅವನಿಗೆ ಹೇಳ್ಬೇಡಿ ನಾನು ಕೇಳಿದ್ದು,” ಎಂದರು.

ನೋಡಿ, ನೀವು ಇಬ್ಬರೂ ಗುಟ್ಟಾಗಿ ಒಂದೇ ಪ್ರಶ್ನೆ ಕೇಳಿದ್ದೀರಿ. ಇಬ್ಬರ ಗುಟ್ಟನ್ನೂ ನಾನು ಇಟ್ಟುಕೊಳ್ಳುವುದಿಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ನನಗೆ ಗೊತ್ತಿಲ್ಲ, ಅವನನ್ನೇ ಕೇಳಿ. ನಿಮ್ಮ ಆಟದ ಮೀನಿನ ಬುಟ್ಟಿ ನೋಡಿ ಇಡೀ ಸಂಗತಿ ಊಹಿಸಿದೆ ಎಂದುಕೊಂಡಿದ್ದೆ. ಕ್ಲೈವ್‌ಗೆ ಅನ್ಯಾಯವಾಗಿದೆ ಎಂದುಕೊಂಡೆ, ನೀವು ಕಳ್ಳ ಎಂದುಕೊಂಡೆ, ಆ ಫೋಟೋಗಳು ಕೋರ್ಟಿಗೆ ಎಂದುಕೊಂಡೆ. ಮನುಷ್ಯರ ವಿಷಯದಲ್ಲಿ ನನ್ನ ಊಹೆಗೆ ಇನ್ನು ಯಾರೂ ಬೆಲೆ ಕೊಡುವುದು ಬೇಡ.

ವಿಮರ್ಶೆಯ ಮಾತು. ಆಗದು. ನಿನ್ನೆ ಸಂಪಾದಕರಿಗೆ ಬರೆದಿದ್ದೇನೆ, ‘ಕಡವು’ ಬಗ್ಗೆ ನಾನು ಬರೆದ ಲೇಖನದ ಕೆಳಗೆ ಒಂದು ಸಾಲು ಸೇರಿಸಿ ಎಂದು: ಆಟ ಮಾಡಿದ ಇಬ್ಬರೂ ಈಗ ಲೇಖಕಿಗೆ ಪರಿಚಿತರು. ಸಂಪಾದಕರು ಒಪ್ಪಿದರು, ಆದರೆ ನಾನು ಲಂಚ ತೆಗೆದುಕೊಂಡೆನೋ ಎಂಬಂತೆ ಎರಡು ಸಲ ಕೇಳಿದರು. ಕೇಳಲೇಬೇಕು. ನಾನಾದರೂ ಹಾಗೇ ಕೇಳುತ್ತಿದ್ದೆ. ನಿಮ್ಮ ಜಗಳ ನೋಡಿದವಳು, ಕ್ಲೈವ್ ನಕ್ಕಾಗ ಪಕ್ಕದಲ್ಲಿ ಕೂತಿದ್ದವಳು, ನಿಮ್ಮ ಅಮ್ಮನ ದನಿ ಯಾವುದೆಂದು ತಿಳಿದವಳು ಆ ಆಟಕ್ಕೆ ಅಂಕ ಕೊಡಲು ಹೇಗೆ ಸಾಧ್ಯ? ಎಂಟು ಕೊಟ್ಟರೆ ಪ್ರೀತಿಯಿಂದ, ಆರು ಕೊಟ್ಟರೆ ಆ ಪ್ರೀತಿ ಕಾಣಬಾರದೆಂದು. ಎರಡನ್ನೂ ಓದುಗರು ನಂಬಬಾರದು.

ಬೆಂಗಳೂರಿಗೆ ಕಳಿಸಿ. ಕ್ಲೈವ್ ಬೇಡವೆಂದರೂ ಕಳಿಸಿ. ಅವರು ನಗುವುದಾದರೆ ನಗಲಿ. ಈ ಸಲ ನೀವಿಬ್ಬರೂ ಒಟ್ಟಿಗೆ ಕೂತು ನೋಡಿ, ಫೋನಿನಲ್ಲಾದರೂ ಸರಿ.

ಆಟ ಬಂದ ದಿನ ನನಗೊಂದು ಸಾಲು ಬರೆಯಿರಿ. ಬೆಳಗ್ಗೆ ಕ್ಲಿನಿಕ್‌ಗೆ ರಜೆ ಹಾಕಿ, ಇವರಿಗೆ ಊಟ ಮುಚ್ಚಿಟ್ಟು, ಬಾಗಿಲು ಹಾಕಿಕೊಂಡು ಕೂತು ಆಡುತ್ತೇನೆ. ಹೇಗಿದೆ ಎಂದು ಮಾತ್ರ ಕೇಳಬೇಡಿ.

ಉಷಕ್ಕ